ನಾಲ್ಕು ದಿನದ ಕುದುರೆ ಷೋ: ಲಾಯದ ಸಾಲಿನಲ್ಲಿ ನೆರೆಹೊರೆ ಕಟ್ಟುವ ಬಗೆ

ಅರೀನಾದೊಳಗೆ ಒಂದು ಕುದುರೆ ಇರುವುದು ಬೇಲಿ ಹಾರುವ ಜಂಪಿಂಗ್ ಆದರೆ ಒಂದೂವರೆ ನಿಮಿಷ, ಗೊತ್ತುಪಡಿಸಿದ ನಡೆಗಳನ್ನು ಮಾಡಿ ತೋರಿಸುವ ಡ್ರೆಸಾಜ್ ಆದರೆ ಐದಾರು ನಿಮಿಷ. ಉಳಿದ ಹೊತ್ತೆಲ್ಲ ಅದು ಲಾಯದ ಸಾಲಿನಲ್ಲಿ, ಹಿಂದೆಂದೂ ಕಂಡಿರದ ಕುದುರೆಗಳ ಪಕ್ಕದಲ್ಲಿ, ಗಾಳಿಗೆ ಪಟಪಟ ಬಡಿಯುವ ಟಾರ್ಪಾಲಿನ ಕೆಳಗೆ ನಿಂತಿರುತ್ತದೆ. ಷೋ ಹಬ್ಬದಂತೆ ನಡೆಯುತ್ತದೋ, ದಣಿವು ಜಗಳಗಳಲ್ಲಿ ಮುಗಿಯುತ್ತದೋ ಎಂಬುದು ತೀರ್ಮಾನವಾಗುವುದೂ ಆ ಸಾಲಿನಲ್ಲೇ. ಒಳ್ಳೆಯ ವಾತಾವರಣ ತಾನಾಗಿ ಬರುವುದಿಲ್ಲ. ಬಾಗಿಲಿಗೆ ಅಂಟಿಸಿದ ಒಂದು ಚೀಟಿ, ರಾತ್ರಿಯ ಒಂದು ಪಾಳಿ, ನೀರಿನ ನಲ್ಲಿಯ ಬಳಿ ಎಲ್ಲರೂ ಪಾಲಿಸುವ ಒಂದು ಶಿಸ್ತು, ಇಂಥವುಗಳಿಂದ ಅದನ್ನು ಕಟ್ಟಬೇಕು.

ಬೆಂಗಳೂರಿನಲ್ಲಿ ಸೇನೆಯ ಎಎಸ್‌ಸಿ (ಆರ್ಮಿ ಸರ್ವೀಸ್ ಕೋರ್) ಸೆಂಟರ್, ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್‌ನಂಥ ಕಡೆ ನಡೆಯುವ ಷೋಗಳಿಗೆ ಮೊದಲ ಸಲ ಕುದುರೆ ಕರೆದೊಯ್ಯುವವರು, ಮಕ್ಕಳನ್ನು ಸ್ಪರ್ಧೆಗೆ ಕಳಿಸುವ ತಂದೆತಾಯಂದಿರು, ಸ್ವಯಂಸೇವಕರು, ಇವರೆಲ್ಲರಿಗಾಗಿ ಈ ಮಾರ್ಗದರ್ಶಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್, ಬಯಲು ಓಟ, ಜಂಪಿಂಗ್ ಮೂರೂ ಸೇರಿದ ಈವೆಂಟಿಂಗ್‌ನ ವೈಯಕ್ತಿಕ ಬೆಳ್ಳಿ ಮತ್ತು ತಂಡದ ಬೆಳ್ಳಿ ಎರಡನ್ನೂ ಪಡೆದ ಫವಾದ್ ಮಿರ್ಜಾ ಬೆಂಗಳೂರಿನವರೇ. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸಾಜ್ ತಂಡಕ್ಕೆ ಚಿನ್ನ ಬಂದಾಗ, ಏಷ್ಯನ್ ಗೇಮ್ಸ್‌ನ ಕುದುರೆ ಸವಾರಿಯಲ್ಲಿ ದೇಶಕ್ಕೆ 1982ರ ನಂತರ ಸಿಕ್ಕ ಮೊದಲ ಚಿನ್ನ ಅದಾಗಿತ್ತು. ಆ ಮಟ್ಟದ ಪದಕದ ಹಿಂದೆಯೂ ಸಣ್ಣ ಷೋಗಳ ಲಾಯದ ಸಾಲುಗಳಲ್ಲಿ ಕಲಿತ ಅಭ್ಯಾಸಗಳೇ ಇರುತ್ತವೆ.

ಹೊರಡುವ ಮುಂಚೆ

ಕಾಗದಪತ್ರಗಳಿಂದ ಶುರು ಮಾಡಿ. ಕುದುರೆಯ ಪಾಸ್‌ಪೋರ್ಟ್, ಇನ್‌ಫ್ಲುಯೆಂಜಾ ಮತ್ತು ಧನುರ್ವಾಯು ಲಸಿಕೆಯ ದಾಖಲೆ, ಪ್ರಯಾಣಕ್ಕೆ ಪಶುವೈದ್ಯರ ಪ್ರಮಾಣಪತ್ರ, ಗ್ಲಾಂಡರ್ಸ್ ಎಂಬ ಅಂಟುರೋಗ ಇಲ್ಲವೆಂಬ ರಕ್ತಪರೀಕ್ಷೆಯ ವರದಿ, ಇಷ್ಟೂ ಒಂದೇ ಫೈಲಿನಲ್ಲಿರಲಿ. ಗ್ಲಾಂಡರ್ಸ್ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಅದು ಮನುಷ್ಯರಿಗೂ ಹರಡುತ್ತದೆ, ಕುದುರೆಗೆ ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳಲು ಅವಕಾಶವಿಲ್ಲ, ದೃಢಪಟ್ಟರೆ ಕಾನೂನಿನ ಪ್ರಕಾರ ದಯಾಮರಣ ಕೊಡಬೇಕಾಗುತ್ತದೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆಯನ್ನು ಮಾಡುತ್ತದೆ. ರಕ್ತದ ಮಾದರಿ ಕಳಿಸಿ ವರದಿ ಕೈಗೆ ಬರುವುದಕ್ಕೆ ದಿನ ಹಿಡಿಯುವುದರಿಂದ ಷೋಗೆ ಒಂದು ತಿಂಗಳ ಮುಂಚೆಯೇ ಪಶುವೈದ್ಯರೊಂದಿಗೆ ಮಾತಾಡಿ. ವರದಿ ಎಷ್ಟು ದಿನದೊಳಗಿನದಾಗಿರಬೇಕು ಎಂಬುದನ್ನು ಷೋದ ಪ್ರವೇಶ ನಿಯಮಗಳಲ್ಲಿ ಓದಿಕೊಳ್ಳಿ.

ಮೇವು ಮನೆಯಿಂದಲೇ ಬರಬೇಕು. 450 ಕಿಲೋ ತೂಕದ ಕುದುರೆಗೆ ದಿನಕ್ಕೆ 7ರಿಂದ 9 ಕಿಲೋ ಒಣಹುಲ್ಲು ಬೇಕು. ನಾಲ್ಕು ದಿನದ ಷೋಗೆ ಹಿಂದಿನ ಒಂದು ದಿನ, ತಡವಾದರೆ ಎಂದು ಇನ್ನೊಂದು ದಿನ ಸೇರಿಸಿ ಸುಮಾರು 55 ಕಿಲೋ ಕಟ್ಟಿಕೊಳ್ಳಿ. ಹುಲ್ಲನ್ನಾಗಲಿ ಹುರುಳಿ, ಓಟ್ಸ್, ಬೂಸಾ ಮಿಶ್ರಣವನ್ನಾಗಲಿ ಒಮ್ಮೆಲೇ ಬದಲಿಸಿದರೆ ಕರುಳಿನಲ್ಲಿ ಮೇವನ್ನು ಹುದುಗಿಸುವ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲಾರವು. ಹೊಟ್ಟೆನೋವು ಶುರುವಾಗುವುದು ಅಲ್ಲಿಂದ. ಬದಲಾವಣೆ ಬೇಕೇಬೇಕೆಂದರೆ 7ರಿಂದ 10 ದಿನ ತೆಗೆದುಕೊಂಡು ಮನೆಯಲ್ಲೇ ಮಾಡಿ ಮುಗಿಸಿ. ಪಕ್ಕದ ಲಾಯದವರು ಪ್ರೀತಿಯಿಂದ ಒಂದು ಮೂಟೆ ಮೇವು ಕೊಡಲು ಬಂದರೆ ನಯವಾಗಿ ಬೇಡ ಎನ್ನಿ. ಕಾರಣ ಹೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಮೊದಲ ಸಂಜೆಯೇ ಮುಖ್ಯ

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನದೊಳಗೆ ತಲುಪಿದರೆ ಕುದುರೆ ಒಂದು ರಾತ್ರಿ ಹೊಸ ಜಾಗದಲ್ಲಿ ನೆಲೆಗೊಳ್ಳುತ್ತದೆ. ಇಳಿಸುವ ಮುನ್ನ ಲಾಯದೊಳಗೆ ಕೈಯಾಡಿಸಿ ನೋಡಿ. ತಾತ್ಕಾಲಿಕ ಲಾಯಗಳಲ್ಲಿ ಹೊರಚಾಚಿದ ಮೊಳೆ, ಸಡಿಲವಾದ ತಗಡು, ತಂತಿಯ ತುದಿ ಇದ್ದೇ ಇರುತ್ತವೆ. ಕುದುರೆಯ ಕಣ್ಣಿನ ಮಟ್ಟದಲ್ಲಿ ಒಮ್ಮೆ, ಮೊಣಕಾಲ ಮಟ್ಟದಲ್ಲಿ ಒಮ್ಮೆ, ಅಂಗೈಯಿಂದ ಗೋಡೆ ಸವರಿ ಒಂದು ಸುತ್ತು ಬನ್ನಿ. ಎರಡೇ ನಿಮಿಷದ ಕೆಲಸ. ನಿಮ್ಮದು ಮುಗಿದ ಮೇಲೆ ಇನ್ನೂ ಬಾರದ ಪಕ್ಕದವರ ಲಾಯವನ್ನೂ ಹಾಗೇ ನೋಡಿಬಿಡಿ. ಲಾರಿಯಿಂದ ಇಳಿದವರಿಗೆ “ಆ ಮೂಲೆಯ ಮೊಳೆ ಬಡಿದಿದ್ದೇವೆ” ಎಂಬ ಮಾತಿಗಿಂತ ಒಳ್ಳೆಯ ಸ್ವಾಗತವಿಲ್ಲ.

ಹಾಸಿಗೆಗೆ ಮರದ ಹೊಟ್ಟನ್ನು 10ರಿಂದ 15 ಸೆಂಟಿಮೀಟರ್ ದಪ್ಪ ಹರಡಿ, ಗೋಡೆಯ ಅಂಚಿನಲ್ಲಿ ಇನ್ನಷ್ಟು ಏರಿಸಿ. ಭತ್ತದ ಹುಲ್ಲು ಅಗ್ಗ ನಿಜ, ಆದರೆ ಬೇಸರಕ್ಕೆ ಹಾಸಿಗೆಯನ್ನೇ ತಿನ್ನುವ ಕುದುರೆಗಳಿಗೆ ಅದರಿಂದ ಮಲಬದ್ಧತೆಯಾಗಿ ಹೊಟ್ಟೆ ಕಟ್ಟುತ್ತದೆ. 15ರಿಂದ 20 ಲೀಟರಿನ ಎರಡು ಬಕೆಟ್ ತೂಗುಹಾಕಿ. ತಂಪಿನಲ್ಲಿ ಸುಮ್ಮನೆ ನಿಂತ ಕುದುರೆ ದಿನಕ್ಕೆ 25ರಿಂದ 40 ಲೀಟರ್ ಕುಡಿದರೆ, ಬಿಸಿಲಿನಲ್ಲಿ ದುಡಿದದ್ದು 50 ಲೀಟರ್ ದಾಟಿಸುತ್ತದೆ. ಹೊಸ ಊರಿನ ನೀರಿನ ವಾಸನೆಗೆ ಕೆಲವು ಮೂತಿ ತಿರುಗಿಸುತ್ತವೆ. ಅಂಥವಕ್ಕೆ ಮನೆಯಿಂದ ಒಂದು ಕ್ಯಾನ್ ನೀರು ತಂದು ಮೊದಲ ದಿನ ಬೆರೆಸಿ ಕೊಡಿ.

ಆಮೇಲೆ ಬಾಗಿಲ ಚೀಟಿ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕುದುರೆಯ ಹೆಸರು, ಯಜಮಾನರ ಮತ್ತು ಸೈಸ್‌ನ (ಕುದುರೆಯ ಆರೈಕೆ ಮಾಡುವವರ) ಫೋನ್ ಸಂಖ್ಯೆ, ಮೇವಿನ ವೇಳೆ, ಆಗದ ಔಷಧಿ ಇವಿಷ್ಟು ಬರೆಯಿರಿ. ಕಚ್ಚುವುದಾದರೆ ಕಚ್ಚುತ್ತದೆ, ಒದೆಯುವುದಾದರೆ ಒದೆಯುತ್ತದೆ ಎಂದೂ ಬರೆಯಿರಿ. ಇದರಲ್ಲಿ ನಾಚಿಕೆಯ ಮಾತೇನಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಮ್ಮ ಕಣ್ಣಿಗೆ ಬೀಳುವ, ಕುದುರೆಯ ಬಾಯಿಗೆ ಸಿಗದ ಕಡೆ ಕಟ್ಟಿ. ನಡುರಾತ್ರಿ ಎರಡು ಗಂಟೆಗೆ ನಿಮ್ಮ ಕುದುರೆ ಹೊರಳಾಡುವುದನ್ನು ಪಕ್ಕದವರು ಕಂಡರೆ ಅವರಿಗೆ ಬೇಕಾದ ಎಲ್ಲವೂ ಆ ಹಾಳೆಯಲ್ಲಿ ಇರಬೇಕು.

ಸಂಜೆ ಆರರ ಹೊತ್ತಿಗೆ ಸಾಲಿನ ಎಲ್ಲರೂ ಹದಿನೈದು ನಿಮಿಷ ಒಂದೆಡೆ ನಿಂತು ಮಾತಾಡಿ. ಯಾರ ಬಳಿ ಗಂಡುಕುದುರೆ ಇದೆ, ಯಾವ ಹೆಣ್ಣುಕುದುರೆ ಬೆದೆಗೆ ಬಂದಿದೆ, ಯಾವುದು ಒಂಟಿಯಾದರೆ ಕೂಗಾಡುತ್ತದೆ, ಈ ಪ್ರಶ್ನೆಗಳು ಮೊದಲು ಬರಲಿ. ಗಂಡು ಮತ್ತು ಬೆದೆಯ ಹೆಣ್ಣು ಅಕ್ಕಪಕ್ಕ ಬಿದ್ದಿದ್ದರೆ ಆಗಲೇ ವ್ಯವಸ್ಥಾಪಕರಿಗೆ ಹೇಳಿ ಅದಲುಬದಲು ಮಾಡಿಸಿ. ಕತ್ತಲಾದ ಮೇಲೆ ಮಾಡಲು ಹೊರಟರೆ ಇಡೀ ಸಾಲು ಎಚ್ಚರವಾಗುತ್ತದೆ. ಬೆಳಗ್ಗೆ ಮೇವು ಹಾಕುವ ಹೊತ್ತನ್ನೂ ಅಲ್ಲೇ ಗೊತ್ತು ಮಾಡಿ. ಒಬ್ಬರು ನಾಲ್ಕೂವರೆಗೆ, ಇನ್ನೊಬ್ಬರು ಐದೂವರೆಗೆ ಹಾಕಿದರೆ ನಡುವಿನ ಒಂದು ಗಂಟೆ ಉಳಿದ ಕುದುರೆಗಳೆಲ್ಲ ಬಾಗಿಲು ಒದೆಯುತ್ತವೆ. ಎಲ್ಲರೂ ಒಂದೇ ಹೊತ್ತಿಗೆ ಹಾಕಿದರೆ ಇಡೀ ಸಾಲಿನಲ್ಲಿ ಹುರುಳಿ ಅಗಿಯುವ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಕೈಜೋಡಿಸಿ, ಬಕೆಟ್ ಕೊಡಬೇಡಿ

ಷೋದಲ್ಲಿ ಸಹಾಯ ಎಂದರೆ ಏನನ್ನಾದರೂ ಎರವಲು ಕೊಡುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಕುದುರೆಗಳ ನಡುವೆ ಈ ಧಾರಾಳತನ ಅಪಾಯ. ನೆಗಡಿ, ಕೆಮ್ಮು, ಗಂಟಲ ಗ್ರಂಥಿ ಊದುವ ಸ್ಟ್ರಾಂಗಲ್ಸ್ ರೋಗ ಹರಡುವುದು ಮೂಗಿನ ಸಿಂಬಳದಿಂದ. ಅದು ಅಂಟುವುದು ಬಕೆಟ್, ಕಡಿವಾಣ, ಮೂಗೊರೆಸುವ ಬಟ್ಟೆ, ಬ್ರಷ್, ತಲೆಗೆ ಕಟ್ಟುವ ಹಾಲ್ಟರ್‌ಗಳಿಗೆ. ಇವನ್ನು ಯಾರಿಗೂ ಕೊಡಬೇಡಿ, ಯಾರಿಂದಲೂ ಪಡೆಯಬೇಡಿ. ಏಣಿ, ಸಲಿಕೆ, ಸುತ್ತಿಗೆ, ಹಗ್ಗ, ವಿದ್ಯುತ್ ವೈರ್, ನೆರಳಿನ ಕುರ್ಚಿ ಧಾರಾಳವಾಗಿ ಕೊಡಿ. ಲದ್ದಿ ಎತ್ತುವ ಫೋರ್ಕ್ ಕೊಟ್ಟರೆ ತೊಳೆದು ಕೊಡಿ, ತೊಳೆದು ವಾಪಸ್ ಪಡೆಯಿರಿ.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ನೀರಿನ ಪೈಪ್ ಹತ್ತಿರ. ಬಕೆಟ್ ತುಂಬುವವರು ಪೈಪಿನ ತುದಿಯನ್ನು ನೀರಿನೊಳಗೆ ಇಳಿಬಿಟ್ಟು ಫೋನ್ ನೋಡುತ್ತ ನಿಲ್ಲುತ್ತಾರೆ. ಆ ತುದಿ ಒಂದು ಕುದುರೆಯ ಎಂಜಲಿನಲ್ಲಿ ಅದ್ದಿ, ಮುಂದಿನ ಇಪ್ಪತ್ತು ಬಕೆಟ್‌ಗಳಿಗೂ ಅದನ್ನೇ ಹಂಚುತ್ತದೆ. ಪೈಪನ್ನು ಬಕೆಟ್‌ನ ಅಂಚಿಗಿಂತ ಒಂದು ಗೇಣು ಮೇಲೆ ಹಿಡಿಯಿರಿ, ಕೆಲಸ ಮುಗಿದ ಮೇಲೆ ನೆಲಕ್ಕೆ ಬಿಸಾಡದೆ ಕೊಕ್ಕೆಗೆ ಸಿಕ್ಕಿಸಿ. ನಲ್ಲಿಯ ಮೇಲೆ ಕನ್ನಡ ಮತ್ತು ಹಿಂದಿ ಎರಡರಲ್ಲೂ ಇದನ್ನು ಬರೆದು ಅಂಟಿಸಿ, ಸೈಸ್‌ಗಳಲ್ಲಿ ಹಲವರ ಮಾತು ಹಿಂದಿ ಇಲ್ಲವೇ ದಖನಿ.

ಪ್ರತಿ ಕುದುರೆಯ ಜ್ವರವನ್ನು ಬೆಳಗ್ಗೆ ಸಂಜೆ ಅಳೆದು ಬಾಗಿಲ ಚೀಟಿಯ ಕೆಳಗೇ ಬರೆಯಿರಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಅದಕ್ಕಿಂತ ಹೆಚ್ಚಾದರೆ ಮುಚ್ಚಿಡದೆ ಷೋದ ಪಶುವೈದ್ಯರಿಗೆ ಹೇಳಿ, ಕುದುರೆಯನ್ನು ಬೇರೆ ಕಡೆ ಕಟ್ಟಿ. ಸ್ಪರ್ಧೆ ತಪ್ಪುತ್ತದೆಂಬ ಭಯಕ್ಕೆ ಜ್ವರ ಮುಚ್ಚಿಟ್ಟರೆ ಇಡೀ ಸಾಲಿಗೆ ದ್ರೋಹ ಮಾಡಿದಂತೆ. ಹಾಗೆಯೇ ಹೇಳಿದವರನ್ನು ಉಳಿದವರು ದೂರ ಮಾಡಬಾರದು. ಅವರ ಕುದುರೆಯನ್ನು ನೋಡಿಕೊಳ್ಳುವ ಸೈಸ್ ಬೇರೆ ಕುದುರೆಗಳ ಬಳಿ ಬರುವಂತಿಲ್ಲವಾದ್ದರಿಂದ, ಅವರ ಊಟ, ಅವರ ಉಳಿದ ಕುದುರೆಗಳ ಆರೈಕೆಯನ್ನು ಅಕ್ಕಪಕ್ಕದವರು ಹಂಚಿಕೊಳ್ಳಬೇಕು.

ಔಷಧಿಯ ಮಾತೂ ಇಲ್ಲೇ ಬರಬೇಕು. ಕಾಲು ನೋವಿಗೆಂದು ಪಕ್ಕದವರು ಕೊಟ್ಟ ಮುಲಾಮಿನಲ್ಲಿ ಮೆಣಸಿನಕಾಯಿಯ ಖಾರದ ಅಂಶ, ಅಂದರೆ ಕ್ಯಾಪ್ಸೈಸಿನ್ ಇದ್ದರೆ ಅದು ನಿಷಿದ್ಧ. ಚಹಾ, ಕಾಫಿ, ಚಾಕೊಲೇಟ್‌ನ ಕೆಫೀನ್ ಮತ್ತು ಥಿಯೋಬ್ರೊಮಿನ್ ಕೂಡ ಕುದುರೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಮಗು ಅಕ್ಕರೆಯಿಂದ ತಿನ್ನಿಸಿದ ಒಂದು ಚಾಕೊಲೇಟ್ ಚೂರು ಸವಾರರ ಇಡೀ ಷೋ ಕೆಡಿಸಬಹುದು. ಲಾಯದೊಳಗೆ ಯಾರೂ ಮೂತ್ರ ಮಾಡಬಾರದೆಂಬ ನಿಯಮವೂ ಇದಕ್ಕಾಗಿಯೇ, ನಾವು ನುಂಗಿದ ಮಾತ್ರೆಯ ಅಂಶ ಹಾಸಿಗೆಯ ಮೂಲಕ ಕುದುರೆಯ ಹೊಟ್ಟೆ ಸೇರುತ್ತದೆ.

ರಾತ್ರಿಯ ಪಾಳಿ

ಪ್ರತಿಯೊಬ್ಬರೂ ತಮ್ಮ ಕುದುರೆಗೆ ತಾವೇ ರಾತ್ರಿಯಿಡೀ ಎಚ್ಚರವಿದ್ದರೆ ಮೂರನೆಯ ದಿನಕ್ಕೆ ಎಲ್ಲರೂ ತೂಕಡಿಸುತ್ತಾರೆ, ತಪ್ಪು ಕಟ್ಟಿದ ಜೀನು, ಬಿಗಿಯದ ಪಟ್ಟಿ ಕಾಣಿಸುವುದು ಆಗಲೇ. ಬದಲಿಗೆ ಇಪ್ಪತ್ತು ಕುದುರೆಗಳ ಸಾಲಿಗೆ ಇಬ್ಬಿಬ್ಬರ ಪಾಳಿ ಮಾಡಿ. ರಾತ್ರಿ 9, 11, 1, 3, 5 ಗಂಟೆಗೆ ಒಂದೊಂದು ಸುತ್ತು. ಒಂದು ಜೋಡಿಗೆ ಒಂದೇ ಸುತ್ತು ಬಂದರೆ ಎಲ್ಲರಿಗೂ ನಿದ್ದೆ ಸಿಗುತ್ತದೆ. ಟಾರ್ಚನ್ನು ಕಣ್ಣಿಗೆ ಬಿಡದೆ ನೆಲಕ್ಕೆ ಬಿಟ್ಟು ನಡೆಯಿರಿ. ಬಕೆಟ್‌ನಲ್ಲಿ ನೀರೆಷ್ಟಿದೆ, ಹಿಂದಿನ ಸುತ್ತಿನ ನಂತರ ಹೊಸ ಲದ್ದಿ ಬಿದ್ದಿದೆಯೇ, ಕುದುರೆ ನೆಮ್ಮದಿಯಾಗಿ ಮಲಗಿದೆಯೋ ಚಡಪಡಿಸುತ್ತಿದೆಯೋ ನೋಡಿ. ಆರೋಗ್ಯವಾಗಿರುವ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ಸಂಜೆಯಿಂದ ಒಂದೂ ಬಿದ್ದಿಲ್ಲವೆಂದರೆ ಅದೇ ಮೊದಲ ಎಚ್ಚರಿಕೆ.

ಹೊಟ್ಟೆನೋವು ಬಂದ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಮೂತ್ರಕ್ಕೆ ನಿಂತಂತೆ ಮೈ ನೀಳ ಮಾಡುತ್ತದೆ, ಬೆವರಿ ಹೊರಳುತ್ತದೆ. ಪಕ್ಕೆಗೆ ಕಿವಿ ಇಟ್ಟು ಆಲಿಸಿ. ಗುಳುಗುಳು ಸದ್ದು ನಿಮಿಷಕ್ಕೆ ಒಂದೆರಡು ಸಲವಾದರೂ ಕೇಳಬೇಕು, ಎರಡೂ ಕಡೆ ಪೂರ್ತಿ ಮೌನವೆಂದರೆ ಕೆಟ್ಟದ್ದು. ನಾಡಿ ನಿಮಿಷಕ್ಕೆ 28ರಿಂದ 44 ಸಹಜ, 60 ದಾಟಿ ಇಳಿಯದಿದ್ದರೆ ತುರ್ತು. ಮೇವನ್ನೆಲ್ಲ ತೆಗೆದುಬಿಡಿ, ಪಶುವೈದ್ಯರಿಗೂ ಯಜಮಾನರಿಗೂ ಕರೆ ಮಾಡಿ, ಅವರು ಬರುವವರೆಗೆ ಸಾಧ್ಯವಾದರೆ ನಿಧಾನ ನಡೆಸಿ. ನೋವಿನ ಮಾತ್ರೆ ಕೊಡಬೇಡಿ. ನೋವು ಅಡಗಿದರೆ ವೈದ್ಯರಿಗೆ ರೋಗದ ಗುರುತು ಸಿಗುವುದಿಲ್ಲ. ಗೋಡೆಗೆ ಕಾಲು ಸಿಕ್ಕಿ ಏಳಲಾಗದೆ ಬಿದ್ದಿರುವ ಕುದುರೆಯ ಕಾಲುಗಳ ಕಡೆಯಿಂದ ಎಂದೂ ಒಳಹೋಗಬೇಡಿ. ಬೆನ್ನಿನ ಕಡೆ ನಿಂತು, ಕಾಲಿಗೆ ಉದ್ದ ಹಗ್ಗ ಹಾಕಿ, ಮೂವರು ಸೇರಿ ಹೊರಳಿಸಿ, ಕೂಡಲೇ ಬಾಗಿಲಾಚೆ ಸರಿಯಿರಿ.

ಸಾಲಿನ ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ. ಮಧ್ಯದ ದಾರಿ 3 ಮೀಟರ್ ತೆರವಾಗಿರಲಿ. ಬೆಂಕಿ ಬಿದ್ದಾಗ ಅಡ್ಡ ನಿಲ್ಲುವುದು ಯಾರೋ ಬಿಟ್ಟುಹೋದ ತಳ್ಳುಗಾಡಿಯೇ.

ವಾರ್ಮ್ ಅಪ್ ಅಂಗಳದಲ್ಲಿ

ಜಗಳ ಹುಟ್ಟುವ ಜಾಗ ಇದು. ಹತ್ತು ಕುದುರೆ, ಎರಡು ಬೇಲಿ, ಎಲ್ಲರಿಗೂ ಅವಸರ. ಎದುರು ಬದುರಾದರೆ ಎಡಗೈ ಎಡಗೈ ಪಕ್ಕ ಬರುವಂತೆ ದಾಟಿ. ನಡಿಗೆಯಲ್ಲಿರುವವರು ಒಳಗಿನ ದಾರಿ ಹಿಡಿದು ಹೊರಗಿನದನ್ನು ವೇಗದವರಿಗೆ ಬಿಡಬೇಕು. ಮುಂದಿನ ಕುದುರೆಗೂ ನಿಮ್ಮದಕ್ಕೂ ಕನಿಷ್ಠ ಒಂದು ಕುದುರೆಯುದ್ದದ ಅಂತರವಿರಲಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುವ ಕುದುರೆ, ಅದಕ್ಕೆ ಎರಡರಷ್ಟು ಜಾಗ ಕೊಡಿ. ಬೇಲಿಗೆ ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ ಬರುವಂತೆ ಮಾತ್ರ ಹಾರಿ. ಹಾರುವ ಮುಂಚೆ ಯಾವ ಬೇಲಿ ಎಂದು ಜೋರಾಗಿ ಕೂಗಿ. ಕೂಗಲು ನಾಚುವ ಹೊಸ ಮಕ್ಕಳೇ ಹೆಚ್ಚು ಡಿಕ್ಕಿಗೆ ಸಿಗುವುದು, ಆದ್ದರಿಂದ ಅವರ ತರಬೇತುದಾರರು ಮೊದಲ ದಿನ ಬೇಲಿ ಪಕ್ಕ ನಿಂತು ತಾವೇ ಕೂಗಬೇಕು.

ಯಾರಾದರೂ ಬಿದ್ದರೆ ಎಲ್ಲರೂ ಕುದುರೆಗಳನ್ನು ನಿಲ್ಲಿಸಿ. “ಕುದುರೆ ತಪ್ಪಿಸಿಕೊಂಡಿದೆ!” ಎಂದು ಕೂಗಿ, ಹತ್ತಿರದವರು ಗೇಟು ಮುಚ್ಚಬೇಕು. ಬೆನ್ನಟ್ಟಬೇಡಿ, ಬೆನ್ನಟ್ಟಿದಷ್ಟೂ ಅದು ಓಡುತ್ತದೆ. ಬಕೆಟ್‌ನಲ್ಲಿ ಒಂದು ಹಿಡಿ ಒಣ ಹುರುಳಿ ಹಾಕಿ ಗಲಗಲ ಅಲ್ಲಾಡಿಸಿ ನಿಂತರೆ ಬಹುತೇಕ ಕುದುರೆಗಳು ತಾವಾಗಿ ಬಂದು ಮೂತಿ ಇಡುತ್ತವೆ.

ಸ್ಪರ್ಧೆಗೆ ಮುಂಚೆ ಸವಾರರು ಕಾಲ್ನಡಿಗೆಯಲ್ಲಿ ಕೋರ್ಸ್, ಅಂದರೆ ಹಾರಬೇಕಾದ ಬೇಲಿಗಳ ದಾರಿ ನೋಡುವಾಗ ಹಿರಿಯ ಸವಾರರು ಒಂದಿಬ್ಬರು ಮಕ್ಕಳನ್ನು ಜೊತೆಗೆ ಕರೆದುಕೊಂಡರೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಕ್ಯಾಂಟರ್‌ನಲ್ಲಿ, ಅಂದರೆ ಹದವಾದ ಓಟದಲ್ಲಿ, ಕುದುರೆಯ ಒಂದು ಹೆಜ್ಜೆ ಸುಮಾರು 3.6 ಮೀಟರ್, ನಮ್ಮ ನಾಲ್ಕು ದೊಡ್ಡ ಹೆಜ್ಜೆ. ಎರಡು ಬೇಲಿಗಳ ನಡುವಿನ ನಮ್ಮ ಹೆಜ್ಜೆಗಳನ್ನು ಎಣಿಸಿ, ಕುದುರೆ ಇಳಿಯಲು ಎರಡು, ಮತ್ತೆ ಏಳಲು ಎರಡು ಕಳೆದು ಉಳಿದದ್ದನ್ನು ನಾಲ್ಕರಿಂದ ಭಾಗಿಸಿ. ನಮ್ಮದು ಹನ್ನೆರಡು ಹೆಜ್ಜೆ ಬಂದರೆ ಕುದುರೆಗೆ ಎರಡು ಹೆಜ್ಜೆಯ ಜಾಗ ಎಂದರ್ಥ. ಮಕ್ಕಳು ಮನೆಯಂಗಳದಲ್ಲಿ 90 ಸೆಂಟಿಮೀಟರ್ ಹೆಜ್ಜೆ ಅಭ್ಯಾಸ ಮಾಡಿ ಬಂದಿದ್ದರೆ ಲೆಕ್ಕ ತಪ್ಪುವುದಿಲ್ಲ.

ಸ್ವಯಂಸೇವಕರು, ಪ್ರೇಕ್ಷಕರು, ಸೈಸ್‌ಗಳು

ಬೇಲಿಯ ಕಂಬ ಎತ್ತಿಡುವ ಕೆಲಸಕ್ಕೆ ಬರುವವರು ಇಬ್ಬರು ಸೇರಿ ಒಂದು ಕಂಬ ಹಿಡಿಯಲಿ. ಕಂಬವನ್ನು ಅದು ಕೂರುವ ಕಪ್‌ನಲ್ಲಿ ಬಲವಂತವಾಗಿ ಒತ್ತಬೇಡಿ, ಬೆರಳಿನಿಂದ ತಟ್ಟಿದರೆ ಉರುಳುವಂತಿರಬೇಕು. ಕುದುರೆ ನಿಂತುಬಿಟ್ಟು ಬೇಲಿ ಬಿದ್ದರೆ ತೀರ್ಪುಗಾರರು ಗಂಟೆ ಬಾರಿಸಿ ಗಡಿಯಾರ ನಿಲ್ಲಿಸುತ್ತಾರೆ. ಬೇಲಿ ಸಿದ್ಧವಾಗಿ ಮತ್ತೆ ಗಂಟೆ ಕೇಳುವವರೆಗೆ ಸವಾರರು ಕಾಯಬೇಕು, ಅವರ ವೇಳೆಗೆ 6 ಸೆಕೆಂಡ್ ಸೇರಿಸಲಾಗುತ್ತದೆ. ಅಲ್ಲಿ ನಿಮ್ಮ ಚುರುಕು ಒಂದು ಬಿಸಿಯಾದ ಕುದುರೆಗೆ ಮಾಡುವ ಉಪಕಾರ.

ಪ್ರೇಕ್ಷಕರು ಡ್ರೆಸಾಜ್‌ನಲ್ಲಿ ಕೊನೆಯ ವಂದನೆಯವರೆಗೆ, ಜಂಪಿಂಗ್‌ನಲ್ಲಿ ಕೊನೆಯ ಗೆರೆ ದಾಟುವವರೆಗೆ ಚಪ್ಪಾಳೆ ತಡೆಯಿರಿ. ಕಂಬ ಬೀಳಿಸಿದವರಿಗೂ ಅಷ್ಟೇ ಜೋರಾಗಿ ತಟ್ಟಿ. ಅಂಚಿನಲ್ಲಿ ಕೊಡೆ ಬಿಚ್ಚಬೇಡಿ. ಲಾಯಕ್ಕೆ ಬಂದರೆ ಭುಜದ ಕಡೆಯಿಂದ ಮಾತಾಡಿಸುತ್ತ ಹತ್ತಿರ ಹೋಗಿ, ಕ್ಯಾರೆಟ್ ಕೊಡುವ ಮೊದಲು ಕೇಳಿ. ಕ್ಯಾರೆಟ್ಟನ್ನು ಉದ್ದುದ್ದ ಸೀಳಿ, ದುಂಡಗೆ ಹೆಚ್ಚಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಸೈಸ್‌ಗಳ ವಿಷಯ. ಷೋದ ವಾತಾವರಣ ಹೇಗಿದೆ ಎಂದು ತಿಳಿಯಲು ಅವರ ಊಟದ ಜಾಗ ನೋಡಿದರೆ ಸಾಕು. ಬೆಳಗ್ಗೆ ನಾಲ್ಕಕ್ಕೆ ಎದ್ದು, ಕುದುರೆಯ ಕಾಲಿಗೆ ಪಟ್ಟಿ ಸುತ್ತಿ, ಗೊರಸು ಕೆರೆದು, ಜೂಲು ಹೆಣೆದು, ರಾತ್ರಿ ಕಾಲು ತಂಪು ಮಾಡುವವರು ಅವರು. ಸವಾರರಿಗೆ ಬಡಿಸಿದ ಊಟವನ್ನೇ, ಅದೇ ಹೊತ್ತಿಗೆ, ಕುರ್ಚಿ ಹಾಕಿ ಅವರಿಗೂ ಬಡಿಸಿ. ನಿದ್ದೆಗೆ ಕನಿಷ್ಠ ಆರು ಗಂಟೆ ಸಿಗುವಂತೆ ಪಾಳಿ ಹೊಂದಿಸಿ, ಮಂಚ ಮತ್ತು ಸೊಳ್ಳೆಪರದೆ ವ್ಯವಸ್ಥಾಪಕರ ಹೊಣೆಯಾಗಲಿ. ಭತ್ಯೆಯನ್ನು ಹೊರಡುವ ಮುನ್ನವೇ ಕೈಗೆ ಕೊಡಿ. ಬಹುಮಾನ ವಿತರಣೆಯಲ್ಲಿ ಸವಾರರ ಹೆಸರು, ಕುದುರೆಯ ಹೆಸರಿನ ಜೊತೆ ಸೈಸ್‌ನ ಹೆಸರನ್ನೂ ಮೈಕಿನಲ್ಲಿ ಕೂಗಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ನೋಂದಣಿ ಅರ್ಜಿಯಲ್ಲಿ ಒಂದು ಸಾಲು ಹೆಚ್ಚು ಬೇಕು, ಅಷ್ಟೇ.

ಕೊನೆಯ ದಿನ

ಒಂದು ಕುದುರೆ ದಿನಕ್ಕೆ 15ರಿಂದ 20 ಕಿಲೋ ಲದ್ದಿ ಹಾಕುತ್ತದೆ. ನಲವತ್ತು ಕುದುರೆಗೆ ನಾಲ್ಕು ದಿನದಲ್ಲಿ ಅದು ಮೂರು ಟನ್ ಮುಟ್ಟಬಹುದು. ಗೊಬ್ಬರಕ್ಕೆ ಒಯ್ಯುವ ರೈತರನ್ನೋ ನರ್ಸರಿಯವರನ್ನೋ ಮೊದಲೇ ಮಾತಾಡಿಸಿ, ವಾಸನೆ ಗಾಳಿಯೊಂದಿಗೆ ಲಾಯದ ಕಡೆ ಬಾರದಂತೆ, ಲಾಯದಿಂದ ದೂರ ಗುಡ್ಡೆ ಹಾಕಿ. ನಿಮ್ಮ ಲಾಯವನ್ನು ನೆಲ ಕಾಣುವವರೆಗೆ ಗುಡಿಸಿ, ಕಟ್ಟಿದ ಹುರಿಗಳನ್ನೆಲ್ಲ ಬಿಚ್ಚಿಕೊಳ್ಳಿ.

ಲಾರಿ ಬಂತೆಂದು ಸುಮ್ಮನೆ ಕುದುರೆ ಹತ್ತಿಸಿ ಹೊರಟುಬಿಡಬೇಡಿ. ನಾಲ್ಕು ದಿನ ಪಕ್ಕದಲ್ಲಿದ್ದದ್ದು ಮಾಯವಾದರೆ ಉಳಿದ ಕುದುರೆ ಕೆನೆಯುತ್ತ ಲಾಯದೊಳಗೆ ಸುತ್ತುತ್ತದೆ, ಬೆವರುತ್ತದೆ, ಬಾಗಿಲಿಗೆ ಎದೆ ಬಡಿದು ಗಾಯ ಮಾಡಿಕೊಳ್ಳುತ್ತದೆ. ಬೆಳಗ್ಗೆಯೇ ಎಲ್ಲರ ಲಾರಿಗಳ ವೇಳೆ ಒಂದು ಹಾಳೆಯಲ್ಲಿ ಬರೆದು ನಲ್ಲಿಯ ಬಳಿ ಅಂಟಿಸಿ. ಸಾಲಿನಲ್ಲಿ ಎರಡೇ ಉಳಿದಾಗ ಅವುಗಳನ್ನು ಅಕ್ಕಪಕ್ಕಕ್ಕೆ ತನ್ನಿ, ಎರಡನ್ನೂ ಒಂದೇ ಹೊತ್ತಿಗೆ ಹತ್ತಿಸಿ. ಒಂದರ ಲಾರಿ ತಡವಾದರೆ ಇನ್ನೊಂದರವರು ಅರ್ಧ ಗಂಟೆ ಕಾಯಲಿ, ಅಷ್ಟರಲ್ಲಿ ಇಬ್ಬರೂ ಸೇರಿ ಉಳಿದ ಹೊಟ್ಟನ್ನು ಮೂಟೆ ಕಟ್ಟಿ ಮುಗಿಸಬಹುದು.